ಕೊಳದ ಆಳ ಅಳೆಯುವವರು ಯಾರು?

ಮೂಡಿಗೆರೆ, ಕೊಟ್ಟಿಗೆಹಾರ, ಕಳಸದ ಕಡೆಯ ಹೋಂಸ್ಟೇ, ರೆಸಾರ್ಟುಗಳ ಜಾಹೀರಾತಿನಲ್ಲಿ ಈಚೆಗೆ ಒಂದೇ ಚಿತ್ರ ಮತ್ತೆ ಮತ್ತೆ ಬರುತ್ತದೆ. ಹಿಂದೆ ಮಂಜು ಕವಿದ ಗುಡ್ಡ, ಪಕ್ಕದಲ್ಲಿ ಮೆಣಸಿನ ಬಳ್ಳಿ ಹಬ್ಬಿದ ಸಿಲ್ವರ್ ಓಕ್, ಕೆಳಗೆ ಕಾಫಿ ಗಿಡಗಳ ಸಾಲು, ಮುಂದೆ ನೀಲಿ ಟೈಲ್ಸಿನ ಈಜುಕೊಳ. ಈ ಕೊಳ ಇಲ್ಲಿಗೆ ಬಂದು ಸೇರಿದ ದಾರಿ ಸ್ವಲ್ಪ ಬಳಸಿನದು. 1989ರಲ್ಲಿ ಅಂತಾರಾಷ್ಟ್ರೀಯ ಕಾಫಿ ಒಪ್ಪಂದದ ಕೋಟಾ ಪದ್ಧತಿ ಮುರಿದುಬಿತ್ತು. 2000ದ ಆಸುಪಾಸಿನಲ್ಲಿ ಕಾಫಿ ಬೆಲೆ ನೆಲ ಕಚ್ಚಿತು. ಸಾಲದಲ್ಲಿ ಮುಳುಗಿದ ತೋಟದ ಮನೆಗಳು ಖಾಲಿ ಕೋಣೆಗಳನ್ನು ಬೆಂಗಳೂರಿನ ಅತಿಥಿಗಳಿಗೆ ತೆರೆದವು. ಆರಂಭದಲ್ಲಿ ಬಂದವರಿಗೆ ಅಕ್ಕಿರೊಟ್ಟಿ, ಕೋಳಿಸಾರು, ತೋಟದೊಳಗೊಂದು ಸುತ್ತು, ಹಳ್ಳದ ನೀರಿಗೆ ಕಾಲು ಬಿಟ್ಟು ಕೂರುವ ಸುಖ ಸಾಕಾಗಿತ್ತು. ಪಕ್ಕದ ತೋಟದವರೂ ಅದನ್ನೇ ಮಾರಲು ಶುರುಮಾಡಿದಾಗ ಬೇರೇನೋ ಬೇಕಾಯಿತು. ಹಾಗೆ ಬಂದದ್ದು ಈಜುಕೊಳ. ಬುಕ್ಕಿಂಗ್ ಮಾಡುವವರು ಈಗ ಕೋಣೆಯ ಬಾಡಿಗೆ ಕೇಳುವ ಮೊದಲೇ ‘ಪೂಲ್ ಇದೆಯಾ’ ಎಂದು ಕೇಳುತ್ತಾರೆ. ಇದೆ ಎನ್ನುವುದಷ್ಟೇ ಉತ್ತರ. ಎಷ್ಟು ಆಳ, ಯಾರು ಕಾಯುತ್ತಾರೆ, ಯಾರು ಪರೀಕ್ಷಿಸಿದ್ದಾರೆ ಎಂಬ ಪ್ರಶ್ನೆ ಅತಿಥಿಯ ಬಾಯಲ್ಲೂ ಬರುವುದಿಲ್ಲ, ಅನುಮತಿ ಕೊಡುವ ಕಚೇರಿಯ ಅರ್ಜಿಯಲ್ಲೂ ಸಿಗುವುದು ಅಪರೂಪ.

ಈ ಪ್ರಶ್ನೆ ಕೇಳದಿದ್ದರೆ ಏನಾಗುತ್ತದೆ ಎಂಬುದನ್ನು ಕರ್ನಾಟಕ ಘಟ್ಟದ ಕೆಳಗೆ ಕಂಡಿದೆ. 2024ರ ನವೆಂಬರ್ 17ರ ಬೆಳಿಗ್ಗೆ ಮಂಗಳೂರು ಹೊರವಲಯದ ಉಳ್ಳಾಲ ಸಮೀಪ, ಸೋಮೇಶ್ವರದ ಒಂದು ರೆಸಾರ್ಟಿನ ಕೊಳದಲ್ಲಿ ಮೈಸೂರಿನ ಮೂವರು ಯುವತಿಯರು ಮುಳುಗಿ ಸತ್ತರು. ಮೂವರಿಗೂ ಈಜು ಬರುತ್ತಿರಲಿಲ್ಲ. ಕೊಳದ ಒಂದು ಬದಿಯಲ್ಲಿ ಆಳ ಸುಮಾರು ಆರು ಅಡಿ. ಒಬ್ಬಳು ಆ ಕಡೆ ಜಾರಿದಳು, ಹಿಡಿಯಲು ಹೋದ ಇನ್ನೊಬ್ಬಳು ಜಾರಿದಳು, ಅವರಿಬ್ಬರನ್ನು ಎಳೆಯಲು ಹೋದ ಮೂರನೆಯವಳೂ ಹೋದಳು. ಎಲ್ಲವೂ ಸಿಸಿಟಿವಿಯಲ್ಲಿ ದಾಖಲಾಯಿತು. ಕ್ಯಾಮೆರಾ ನೋಡುತ್ತಿತ್ತು, ಮನುಷ್ಯರು ಯಾರೂ ನೋಡುತ್ತಿರಲಿಲ್ಲ. ಜೀವರಕ್ಷಕರಿರಲಿಲ್ಲ. ಆಮೇಲೆ ಮಾಲೀಕ ಮತ್ತು ವ್ಯವಸ್ಥಾಪಕರ ಬಂಧನವಾಯಿತು, ವ್ಯಾಪಾರ ಪರವಾನಗಿ ಅಮಾನತಾಯಿತು. ಅದಕ್ಕೆ ಒಂದು ವರ್ಷ ಹಿಂದೆ, 2023ರ ಡಿಸೆಂಬರ್ 28ರಂದು, ಬೆಂಗಳೂರಿನ ವರ್ತೂರಿನ ಒಂದು ಅಪಾರ್ಟ್‌ಮೆಂಟಿನ ಈಜುಕೊಳದ ಬಳಿ ಪುಟ್ಟ ಬಾಲಕಿಯೊಬ್ಬಳು ಸತ್ತಳು. ವಿದ್ಯುತ್ ಹರಿದದ್ದೇ ಕಾರಣವೆಂಬ ಆರೋಪದ ಮೇಲೆ ಏಳು ಜನರ ಬಂಧನವಾಯಿತು. ಒಂದು ಕಡಲ ತೀರದ ಮೋಜಿನ ಕೊಳ, ಇನ್ನೊಂದು ನಗರದ ಕಾವಲಿರುವ ವಸತಿ ಸಮುಚ್ಚಯ. ಒಂದರಲ್ಲಿ ಕೊಂದದ್ದು ಆಳ, ಇನ್ನೊಂದರಲ್ಲಿ, ಆರೋಪದ ಪ್ರಕಾರ, ಕರೆಂಟು. ಇಂಥ ಕಡೆ ಸರ್ಕಾರದ ಅಧಿಕಾರಿ ಕೊಳದ ಅಂಚಿನಲ್ಲಿ ನಿಂತು ಅಳತೆ ತೆಗೆಯುವುದು ಸಾಮಾನ್ಯವಾಗಿ ಸಾವಿನ ನಂತರವೇ, ಪಂಚನಾಮೆಗೆ.

ನನ್ನ ವಾದ ಇಷ್ಟೇ: ನಮ್ಮಲ್ಲಿ ಈಜುಕೊಳಕ್ಕೆ ಕಾನೂನು ಇಲ್ಲವೆನ್ನುವುದು ಅರ್ಧ ಸತ್ಯ. ಸಾವಿನ ನಂತರದ ಕಾನೂನು ಬೇಕಾದಷ್ಟಿದೆ, ಸಾವಿನ ಮೊದಲಿನದು ಇಲ್ಲ. ಇರುವ ಕಾನೂನುಗಳು ಹಲವು ಕಚೇರಿಗಳಲ್ಲಿ ಹಂಚಿಹೋಗಿವೆ, ಹಂಚಿಹೋದದ್ದರಿಂದಲೇ ಯಾರ ಕೈಗೂ ಸಿಗುವುದಿಲ್ಲ. ಲೆಕ್ಕ ಹಾಕಿ ನೋಡಿ. ಕಟ್ಟಡ ಕಟ್ಟಲು, ಹೋಟೆಲ್ ನಡೆಸಲು ಅನುಮತಿ ಕೊಡುವುದು ಗ್ರಾಮ ಪಂಚಾಯಿತಿ, ಪಟ್ಟಣವಾದರೆ ಪುರಸಭೆ ಅಥವಾ ನಗರಸಭೆ. ಹೋಂಸ್ಟೇ ನೋಂದಣಿ ಪ್ರವಾಸೋದ್ಯಮ ಇಲಾಖೆಯದು. ಸಾರ್ವಜನಿಕ ಮನರಂಜನಾ ಸ್ಥಳಗಳನ್ನು ನಿಯಂತ್ರಿಸುವ ಅಧಿಕಾರವನ್ನು 1963ರ ಕರ್ನಾಟಕ ಪೊಲೀಸ್ ಕಾಯ್ದೆ ಜಿಲ್ಲಾ ದಂಡಾಧಿಕಾರಿಗೆ ಕೊಡುತ್ತದೆ. ವಿದ್ಯುತ್ ಸುರಕ್ಷತೆ ಕೇಂದ್ರ ವಿದ್ಯುತ್ ಪ್ರಾಧಿಕಾರದ ನಿಯಮಗಳ ಕೆಳಗೆ ಬರುತ್ತದೆ. ಕೊಳದ ನೀರಿನ ಗುಣಮಟ್ಟಕ್ಕೆ ಭಾರತೀಯ ಮಾನಕ ಬ್ಯೂರೊ 1993ರಲ್ಲಿ ಪರಿಷ್ಕರಿಸಿದ ಐಎಸ್ 3328 ಎಂಬ ಮಾನಕವೇ ಇದೆ. ಆದರೆ ಯಾವುದಾದರೂ ಕಾಯ್ದೆಯೋ ನಿಯಮವೋ ಕಡ್ಡಾಯ ಮಾಡುವವರೆಗೆ ಇಂಥ ಮಾನಕ ಒಂದು ಸಲಹೆ ಮಾತ್ರ. ಸಾರ್ವಜನಿಕ ಆರೋಗ್ಯ, ಕ್ರೀಡೆ, ಮನರಂಜನೆ ಮೂರೂ ಸಂವಿಧಾನದ ರಾಜ್ಯಪಟ್ಟಿಯಲ್ಲಿರುವ ವಿಷಯಗಳು. ದಿಲ್ಲಿಯ ಕಡೆ ನೋಡುತ್ತ ಕೂರುವ ಅಗತ್ಯವೇ ಇಲ್ಲ. ಆದರೂ ಈಜುಕೊಳಕ್ಕೆಂದೇ ರಚಿಸಿದ ಕಾಯ್ದೆ ಕರ್ನಾಟಕದಲ್ಲಿಲ್ಲ. ಪಂಚಾಯಿತಿಯ ಕಣ್ಣಿಗೆ ಕೊಳ ಕಟ್ಟಡದ ಒಂದು ಅಂಗ, ಪ್ರವಾಸೋದ್ಯಮ ಇಲಾಖೆಯ ಕಣ್ಣಿಗೆ ಅದೊಂದು ಸೌಕರ್ಯ, ಪೊಲೀಸರ ಕಣ್ಣಿಗೆ ಎಫ್‌ಐಆರ್‌ನಲ್ಲಿ ಬರೆಯುವ ಘಟನಾ ಸ್ಥಳ.

ಸರ್ಕಾರಕ್ಕೆ ಕೊಳಗಳನ್ನು ನಿಯಂತ್ರಿಸಲು ಬರುವುದಿಲ್ಲವೆಂದಲ್ಲ. 2020ರ ಮಾರ್ಚಿನಲ್ಲಿ ಕೋವಿಡ್ ಬಂದಾಗ ದೇಶದ ಕೊಳಗಳೆಲ್ಲ ಕೆಲವೇ ದಿನಗಳಲ್ಲಿ ಮುಚ್ಚಿದವು, ಮತ್ತೆ ತೆರೆದದ್ದು ಮಾರ್ಗಸೂಚಿಯ ಪ್ರಕಾರವೇ. 2024ರ ಮಾರ್ಚಿನಲ್ಲಿ ಬೆಂಗಳೂರಿಗೆ ನೀರಿನ ಬರ ಬಂದಾಗ ಜಲಮಂಡಳಿ ಈಜುಕೊಳಕ್ಕೆ ಕುಡಿಯುವ ನೀರು ಬಳಸುವುದನ್ನು ನಿಷೇಧಿಸಿ 5,000 ರೂಪಾಯಿ ದಂಡ ಗೊತ್ತುಮಾಡಿತು. ಕೊಳದೊಳಗಿನ ನೀರು ಉಳಿಸಲು ಒಂದೇ ಆದೇಶ ಸಾಕಾಯಿತು. ನಮ್ಮ ಚಿಕ್ಕಮಗಳೂರು ಜಿಲ್ಲೆಯಲ್ಲೇ 2025ರ ಸೆಪ್ಟೆಂಬರಿನಿಂದ ಮುಳ್ಳಯ್ಯನಗಿರಿ ಕಡೆಗೆ ಹೋಗುವ ವಾಹನಗಳಿಗೆ ಆನ್‌ಲೈನ್ ನೋಂದಣಿ ಕಡ್ಡಾಯವಾಗಿದೆ. ವಾಹನಗಳನ್ನು ಎಣಿಸಬಲ್ಲ ಜಿಲ್ಲಾಡಳಿತ ಕೊಳಗಳನ್ನು ಎಣಿಸಲಾರದೆ? ಮನಸ್ಸಿದ್ದರೆ ಮಾರ್ಗ ಎನ್ನುವ ಮಾತು ಸರ್ಕಾರಿ ಕಚೇರಿಗಳಿಗೂ ಅನ್ವಯಿಸುತ್ತದೆ.

ಸಾವಿನ ನಂತರದ ಕಾನೂನು ಎಷ್ಟು ದುರ್ಬಲವೆಂದು ತಿಳಿಯಲು ಎರಡು ಪ್ರಕರಣಗಳನ್ನು ಓದಿದರೆ ಸಾಕು. 1972ರ ಆಗಸ್ಟಿನಲ್ಲಿ ದೆಹಲಿಯ ಪಂಚತಾರಾ ಹೋಟೆಲೊಂದರ ಕೊಳಕ್ಕೆ ಡೈವಿಂಗ್ ಹಲಗೆಯಿಂದ ಹಾರಿದ ಜರ್ಮನ್ ಸಹವಿಮಾನಚಾಲಕ ಕ್ಲೌಸ್ ಮಿಟೆಲ್‌ಬಾಖರ್ಟ್ ಅವರ ತಲೆ ತಳಕ್ಕೆ ಬಡಿಯಿತು, ಮೈ ಲಕ್ವ ಹೊಡೆಯಿತು. 1985ರಲ್ಲಿ ಅವರು ತೀರಿಕೊಂಡರು. ದೆಹಲಿ ಹೈಕೋರ್ಟಿನಲ್ಲಿ ನ್ಯಾಯಮೂರ್ತಿ ಆರ್. ಸಿ. ಲಾಹೋಟಿ 50 ಲಕ್ಷ ರೂಪಾಯಿ ಪರಿಹಾರ ಕೊಡಿಸಿದ್ದು 1997ರಲ್ಲಿ. ದುಬಾರಿ ಬೆಲೆ ಪಡೆಯುವ ಹೋಟೆಲಿನ ಎಚ್ಚರಿಕೆಯ ಹೊಣೆಯೂ ಅಷ್ಟೇ ದೊಡ್ಡದು ಎಂಬುದು ಆ ತೀರ್ಪಿನ ತಿರುಳು. ಮೇಲ್ಮನವಿಯಲ್ಲಿ ಅದೂ ಉಳಿಯಲಿಲ್ಲ. ಇನ್ನೊಂದು ನಮ್ಮ ಪಕ್ಕದ ರಾಜ್ಯದ್ದು. 2006ರಲ್ಲಿ ಕೋವಳಂನಲ್ಲಿ ಕೇರಳ ಪ್ರವಾಸೋದ್ಯಮ ನಿಗಮದ ಹೋಟೆಲಿಗೆ ಸಂಸಾರ ಸಮೇತ ಬಂದಿದ್ದ ಒಬ್ಬರು ಕೊಳದಲ್ಲಿ ಮುಳುಗಿ ಸತ್ತರು. ಜೀವರಕ್ಷಕ ಇದ್ದ. ಆದರೆ ಅದೇ ಮನುಷ್ಯನಿಗೆ ಬಾರಿನಲ್ಲಿ ಮದ್ಯ ಬಡಿಸುವ ಕೆಲಸವನ್ನೂ ವಹಿಸಲಾಗಿತ್ತು. ಇದು ಹೋಟೆಲು ಪಾಲಿಸಬೇಕಾದ ಎಚ್ಚರಿಕೆಯ ಕರ್ತವ್ಯದ ಲೋಪ ಎಂದು ಹೇಳಿ, ರಾಷ್ಟ್ರೀಯ ಗ್ರಾಹಕ ಆಯೋಗ ಕೊಟ್ಟಿದ್ದ 62.50 ಲಕ್ಷ ರೂಪಾಯಿ ಪರಿಹಾರವನ್ನು ಸುಪ್ರೀಂ ಕೋರ್ಟ್ 2019ರಲ್ಲಿ ಎತ್ತಿಹಿಡಿಯಿತು. ಸಾವಿಗೂ ತೀರ್ಪಿಗೂ ನಡುವೆ ಹದಿಮೂರು ವರ್ಷ. ಕಾಫಿ ಸೀಮೆಯ ಓದುಗರಿಗೆ ಆ ಬಾರಿನ ಹುಡುಗ ಅಪರಿಚಿತನಲ್ಲ. ನಮ್ಮ ಎಷ್ಟೋ ಹೋಂಸ್ಟೇಗಳಲ್ಲಿ ಬೆಳಿಗ್ಗೆ ಕೊಳದ ಎಲೆ ಬಳಿದು, ಮಧ್ಯಾಹ್ನ ತಟ್ಟೆ ತೊಳೆದು, ಸಂಜೆ ಕ್ಯಾಂಪ್‌ಫೈರ್‌ಗೆ ಸೌದೆ ಹೊಂದಿಸುವವನೂ ಒಬ್ಬನೇ. ‘ಕೊಳಕ್ಕೆ ಜನ ಇಟ್ಟಿದ್ದೇವೆ’ ಎಂದು ಮಾಲೀಕರು ಹೇಳುವುದು ಅವನ ಲೆಕ್ಕದಲ್ಲೇ.

ಈಗ ಕೊಳದೊಳಗೆ ಇಳಿದು ನೋಡೋಣ. ಬೆಳಕು ನೀರಿನಿಂದ ಗಾಳಿಗೆ ಬರುವಾಗ ಬಾಗುತ್ತದೆ, ಹಾಗಾಗಿ ಮೇಲಿನಿಂದ ನೋಡುವವರಿಗೆ ತಳ ಇರುವುದಕ್ಕಿಂತ ಮೇಲೆ ಕಾಣುತ್ತದೆ. ನಿಜವಾದ ಆಳದ ಮುಕ್ಕಾಲು ಪಾಲಷ್ಟೇ ಕಣ್ಣಿಗೆ ಬೀಳುತ್ತದೆ. ಅಂದರೆ ಆರು ಅಡಿ ನೀರು ದಡದಲ್ಲಿ ನಿಂತವಳಿಗೆ ನಾಲ್ಕೂವರೆ ಅಡಿಯಂತೆ ತೋರುತ್ತದೆ, ಕಾಲು ನಿಲುಕುವ ನೀರು ಎಂಬ ಧೈರ್ಯ ಕೊಡುತ್ತದೆ. ನಮ್ಮ ಹೆಣ್ಣುಮಕ್ಕಳ ಸರಾಸರಿ ಎತ್ತರ ಐದು ಅಡಿಯ ಆಸುಪಾಸು. ಕಾಲು ನಿಲುಕುತ್ತದೆ ಎಂದು ಕಣ್ಣು ಹೇಳಿದ ನೀರು ತಲೆಯ ಮೇಲೆ ಒಂದು ಅಡಿ ನಿಲ್ಲುತ್ತದೆ. ಕೊಳದ ತಳ ಮೂರು ಅಡಿಯಿಂದ ಆರು ಅಡಿಗೆ ಇಳಿಜಾರಾಗಿದ್ದರೆ ಇನ್ನೂ ಕಷ್ಟ. ನುಣುಪು ಟೈಲ್ಸಿನ ಮೇಲೆ ಮುಂದಿಟ್ಟ ಹೆಜ್ಜೆ ಹಿಂದಕ್ಕೆ ಬರುವುದಿಲ್ಲ, ತುದಿಬೆರಳಲ್ಲಿ ನಿಂತವರನ್ನು ನೀರು ಎತ್ತಿ ಮುಂದಕ್ಕೇ ದೂಡುತ್ತದೆ. ಮುಳುಗುವವರು ಕೂಗುತ್ತಾರೆ, ಕೈ ಬೀಸುತ್ತಾರೆ ಎಂಬುದು ಸಿನಿಮಾ ಕಲಿಸಿದ ಪಾಠ. ಉಸಿರಿಗೆ ಬಾಯಿ ತೆರೆಯಲಾಗದವರು ಕೂಗುವುದು ಹೇಗೆ? ಎರಡು ಮಾರು ದೂರದಲ್ಲಿ ಮೊಬೈಲು ಹಿಡಿದು ಕೂತವರಿಗೂ ಅದು ಗೊತ್ತಾಗುವುದಿಲ್ಲ. ಹಳೆಯ ಕಲ್ಯಾಣಿಗಳನ್ನು ಕಟ್ಟಿದವರು ನಾಲ್ಕೂ ಕಡೆ ನೀರಿನ ತಳದವರೆಗೆ ಮೆಟ್ಟಿಲು ಇಳಿಸಿದ್ದರು. ಜಾರಿದ ಕಾಲಿಗೆ ಮುಂದಿನ ಮೆಟ್ಟಿಲು ಸಿಗುತ್ತಿತ್ತು, ಎಲ್ಲಿಯವರೆಗೆ ಇಳಿದಿದ್ದೇವೆಂದು ಮೈಗೇ ತಿಳಿಯುತ್ತಿತ್ತು. ಅಲ್ಲೂ ಜನ ಸತ್ತಿದ್ದಾರೆ ನಿಜ. ಆದರೆ ಆಳವನ್ನು ಅಡಗಿಸಿಡುವ ವಿನ್ಯಾಸ ಅದಾಗಿರಲಿಲ್ಲ. ಮೋಜಿಗೆಂದು ಕಟ್ಟಿದ, ಈಜು ಬಾರದವರೇ ಹೆಚ್ಚಾಗಿ ಇಳಿಯುವ ಕೊಳಕ್ಕೆ ಆರು ಅಡಿ ಆಳ ಏಕೆ ಬೇಕು ಎಂಬ ಪ್ರಶ್ನೆಗೆ ನನಗೆ ಇದುವರೆಗೆ ಒಪ್ಪುವಂಥ ಉತ್ತರ ಸಿಕ್ಕಿಲ್ಲ. ಜೀವರಕ್ಷಕರಿಲ್ಲದ ಕೊಳ ಎಲ್ಲಿಯೂ ನಾಲ್ಕು ಅಡಿ ಮೀರಬಾರದು ಎಂಬ ಒಂದೇ ನಿಯಮ ಬಂದರೂ ಸೋಮೇಶ್ವರದಂಥ ಸಾವುಗಳಲ್ಲಿ ಬಹುಪಾಲು ತಪ್ಪುತ್ತವೆ. ಅದಕ್ಕೆ ತಗಲುವ ಖರ್ಚು ಸೊನ್ನೆ. ಮಣ್ಣು ತೆಗೆಯುವ ಕೂಲಿಯೇ ಉಳಿಯುತ್ತದೆ.

ಮಕ್ಕಳ ವಿಷಯದಲ್ಲಿ ಆಳ ಕಡಿಮೆ ಮಾಡಿದರೆ ಸಾಲದು, ಎರಡು ವರ್ಷದ ಮಗುವಿಗೆ ಎರಡು ಅಡಿ ನೀರೂ ಆಳವೇ. ಅಲ್ಲಿ ಕೆಲಸ ಮಾಡುವುದು ಬೇಲಿ. ಈ ಬಗ್ಗೆ ನಡೆದ ಅಧ್ಯಯನಗಳನ್ನು ಒಟ್ಟುಗೂಡಿಸಿದ ಕಾಕ್ರೇನ್ ಸಮೀಕ್ಷೆಯ ಪ್ರಕಾರ, ಬೇಲಿಯಿರುವ ಕೊಳಗಳಲ್ಲಿ ಮಕ್ಕಳು ಮುಳುಗುವ ಸಂಭವ ಬೇಲಿಯಿಲ್ಲದವಕ್ಕಿಂತ ಸುಮಾರು ಮುಕ್ಕಾಲು ಪಾಲು ಕಡಿಮೆ. ಜಮೀನಿನ ಸುತ್ತ ಹಾಕಿದ ಬೇಲಿಗಿಂತ ಕೊಳವನ್ನೇ ಮನೆಯಿಂದ ಬೇರ್ಪಡಿಸಿ ನಾಲ್ಕೂ ಸುತ್ತ ಹಾಕಿದ ಬೇಲಿ ಇನ್ನೂ ಪರಿಣಾಮಕಾರಿ. ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್ ರಾಜ್ಯ 1992ರಲ್ಲೇ ಈಜುಕೊಳ ಕಾಯ್ದೆ ಮಾಡಿ ಮನೆಯಂಗಳದ ಕೊಳಕ್ಕೂ ಬೇಲಿ ಕಡ್ಡಾಯಗೊಳಿಸಿತು, ಆಮೇಲೆ ಪ್ರತಿ ಕೊಳವೂ ಸರ್ಕಾರದ ನೋಂದಣಿಯಲ್ಲಿ ಇರಬೇಕೆಂದು ವಿಧಿಸಿತು. ಫ್ರಾನ್ಸ್ 2003ರ ಕಾನೂನಿನಲ್ಲಿ ಬೇಲಿ, ಮುಚ್ಚಳ, ಸೂರು, ಎಚ್ಚರಿಕೆ ಗಂಟೆ ಈ ನಾಲ್ಕರಲ್ಲಿ ಯಾವುದಾದರೂ ಒಂದು ಇರಲೇಬೇಕೆಂದಿತು. ಅಷ್ಟು ದೂರ ಹೋಗುವುದೂ ಬೇಡ. ಇದೇ ಜಿಲ್ಲೆಯ ಬಯಲುಸೀಮೆಗೆ, ಕಡೂರಿನ ಕಡೆಗೆ ಹೋದರೆ ಕೃಷಿ ಭಾಗ್ಯ ಯೋಜನೆಯ ಕೃಷಿ ಹೊಂಡಗಳು ಕಾಣುತ್ತವೆ. ಪ್ಲಾಸ್ಟಿಕ್ ಹೊದಿಕೆಯ ಆ ಹೊಂಡಗಳಿಗೆ ಮಕ್ಕಳು ಜಾರಿ ಬಿದ್ದ ಸುದ್ದಿಗಳು ಬಂದ ಮೇಲೆ ಸರ್ಕಾರವೇ ಹೊಂಡದ ಸುತ್ತಲಿನ ತಂತಿಬೇಲಿಯನ್ನು ಯೋಜನೆಯ ಭಾಗವಾಗಿಸಿ ಸಹಾಯಧನ ಕೊಡುತ್ತಿದೆ. ರಾಗಿ ಬೆಳೆಯುವವನ ಹೊಂಡಕ್ಕೆ ಬೇಲಿ ಬೇಕು, ರಾತ್ರಿಗೆ ಸಾವಿರಾರು ರೂಪಾಯಿ ಬಾಡಿಗೆ ಪಡೆಯುವವನ ಕೊಳಕ್ಕೆ ಬೇಡ. ಬೇಲಿ ಹಾಕಿದರೆ ಫೋಟೋ ಕೆಡುತ್ತದೆ ಎಂಬುದೇ ರೆಸಾರ್ಟಿನವರು ಕೊಡುವ ಕಾರಣ. ಇದಕ್ಕೆ ಉತ್ತರ ಹೇಳುವುದೂ ವ್ಯರ್ಥ.

ಜೀವರಕ್ಷಕರ ಪ್ರಶ್ನೆ ಮಲೆನಾಡಿನಲ್ಲಿ ಬೇರೆ ರೂಪ ತಾಳುತ್ತದೆ. ಉಸಿರು ನಿಂತ ನಾಲ್ಕರಿಂದ ಆರು ನಿಮಿಷದಲ್ಲಿ ಮಿದುಳಿಗೆ ಹಾನಿ ಶುರುವಾಗುತ್ತದೆ. ಮಂಗಳೂರಿನಲ್ಲಿ ಆಂಬುಲೆನ್ಸ್ ಬರುವ ಹೊತ್ತಿನ ಲೆಕ್ಕ ಬೇರೆ. ಕಳಸದಿಂದ ಚಿಕ್ಕಮಗಳೂರಿನ ಜಿಲ್ಲಾಸ್ಪತ್ರೆ ತಲುಪಲು ತಿರುವುಗಳ ರಸ್ತೆಯಲ್ಲಿ ಎರಡು ಗಂಟೆಗೂ ಹೆಚ್ಚು ಬೇಕು. ಮಳೆಗಾಲದಲ್ಲಿ ಮರ ಬಿದ್ದರೆ, ಗುಡ್ಡ ಜರಿದರೆ ಅದೂ ಖಾತ್ರಿಯಿಲ್ಲ. ಎಷ್ಟೋ ತೋಟದ ಮನೆಗಳಲ್ಲಿ 108ಕ್ಕೆ ಕರೆ ಮಾಡಲು ಸಿಗ್ನಲ್ ಹುಡುಕಿ ಗುಡ್ಡ ಹತ್ತಬೇಕು. ಹಾಗಾಗಿ ಇಲ್ಲಿ ಆಸ್ಪತ್ರೆ ಎಂದರೆ ಕೊಳದ ಅಂಚೇ, ವೈದ್ಯರೆಂದರೆ ಅಲ್ಲಿ ನಿಂತವರೇ. ಮುಳುಗಿದವರಿಗೆ ಎದೆ ಒತ್ತುವ ಮೊದಲು ಬಾಯಿಯಿಂದ ಉಸಿರು ಕೊಡಬೇಕು ಎಂಬುದು ತಿಳಿದಿರುವ ಒಬ್ಬರಾದರೂ ಇರಬೇಕು. ಹೊಟ್ಟೆ ಅಮುಕಿ ನೀರು ಕಕ್ಕಿಸುವ, ಕಾಲು ಹಿಡಿದು ತಲೆಕೆಳಗು ಮಾಡುವ ನಮ್ಮ ರೂಢಿಯ ಚಿಕಿತ್ಸೆ ಆ ಅಮೂಲ್ಯ ನಿಮಿಷಗಳನ್ನು ತಿನ್ನುತ್ತದೆ. ಪುಣೆಯ ರಾಷ್ಟ್ರೀಯ ಲೈಫ್ ಸೇವಿಂಗ್ ಸೊಸೈಟಿ, ಗೋವಾದ ರಾಷ್ಟ್ರೀಯ ಜಲಕ್ರೀಡಾ ಸಂಸ್ಥೆ ಇಂಥ ತರಬೇತಿ ಕೊಡುತ್ತವೆ. ನಮ್ಮ ಲೈನ್ ಮನೆಗಳ ಹುಡುಗರು, ಭದ್ರಾ ಹೇಮಾವತಿಯ ದಡದಲ್ಲಿ ಬೆಳೆದು ಬಾಲ್ಯದಿಂದಲೇ ಈಜುವವರು, ಈ ತರಬೇತಿ ಪಡೆದರೆ ಕಾಫಿ ಕೊಯ್ಲು ಇಲ್ಲದ ತಿಂಗಳುಗಳಲ್ಲಿ ಕೂಲಿಗಿಂತ ಮೇಲಿನ ಸಂಬಳದ ಕೆಲಸವಾಗುತ್ತದೆ. ಜಿಲ್ಲೆಯ ಪ್ರವಾಸೋದ್ಯಮ ಇಲ್ಲಿನ ಯುವಕರಿಗೆ ಉದ್ಯೋಗ ಕೊಡುತ್ತದೆ ಎಂದು ಭಾಷಣ ಮಾಡುವವರು ಗಮನಿಸಬೇಕಾದ ಜಾಗ ಇದು.

ನೀರಿನ ಗುಣಮಟ್ಟವನ್ನು ಚರ್ಮದ ತುರಿಕೆ, ಕಣ್ಣುರಿಯ ಸಣ್ಣ ವಿಷಯವೆಂದು ತಳ್ಳಿಹಾಕುವ ಅಭ್ಯಾಸವಿದೆ. ಅದು ಮುಳುಗುವ ಪ್ರಶ್ನೆಗೂ ತಗಲಿಕೊಂಡಿದೆ: ತಳ ಕಾಣದಷ್ಟು ಮಬ್ಬಾದ ನೀರಿನಲ್ಲಿ ತಳಕ್ಕೆ ಹೋದವರೂ ಕಾಣುವುದಿಲ್ಲ. ತೋಟದ ಕೆರೆಯಿಂದಲೋ ಹಳ್ಳದಿಂದಲೋ ಪಂಪು ಹಾಕಿ ತುಂಬಿಸಿ, ಅಂದಾಜಿನಲ್ಲಿ ನಾಲ್ಕು ಬೊಗಸೆ ಬ್ಲೀಚಿಂಗ್ ಪೌಡರ್ ಎರಚುವುದು ಸಾಮಾನ್ಯ ಪದ್ಧತಿ. ಕ್ಲೋರಿನ್ ಎಷ್ಟು ಹಾಕಿದೆವು ಎಂಬುದಕ್ಕಿಂತ ನೀರಿನ ಪಿಎಚ್ ಎಷ್ಟಿದೆ ಎಂಬುದು ಮುಖ್ಯ. ಪಿಎಚ್ 7.2 ಇದ್ದಾಗ ಕ್ಲೋರಿನ್ನಿನ ಸುಮಾರು ಮೂರನೇ ಎರಡು ಪಾಲು ರೋಗಾಣು ಕೊಲ್ಲುವ ರೂಪದಲ್ಲಿರುತ್ತದೆ, 8ಕ್ಕೆ ಏರಿದರೆ ಕಾಲು ಭಾಗವೂ ಉಳಿಯುವುದಿಲ್ಲ. ಬ್ಲೀಚಿಂಗ್ ಪೌಡರೇ ಪಿಎಚ್ ಏರಿಸುವ ವಸ್ತು. ಅಂದರೆ ಹಾಕಿದಷ್ಟೂ ಕೆಲಸ ಕಡಿಮೆ ಮಾಡುವ ಔಷಧಿ. ಬಿಸಿಲು ಕ್ಲೋರಿನ್ನನ್ನು ಕೆಲವೇ ಗಂಟೆಗಳಲ್ಲಿ ತಿಂದುಹಾಕುತ್ತದೆ, ಉದುರಿದ ಎಲೆಗಳು ಉಳಿದದ್ದನ್ನು ಮುಗಿಸುತ್ತವೆ. ವಿಶ್ವ ಆರೋಗ್ಯ ಸಂಸ್ಥೆ 2006ರಲ್ಲಿ ಹೊರತಂದ ಈಜುಕೊಳ ಮಾರ್ಗಸೂಚಿ ದಿನಕ್ಕೆ ಹಲವು ಸಲ ಪರೀಕ್ಷಿಸಿ ಬರೆದಿಡಿ ಎನ್ನುವುದು ಇದಕ್ಕೇ. ಎರಡು ಹನಿ ದ್ರಾವಣ ಹಾಕಿ ಬಣ್ಣ ನೋಡುವ ಪೆಟ್ಟಿಗೆಯ ಬೆಲೆ ಒಂದು ಮೂಟೆ ಗೊಬ್ಬರಕ್ಕಿಂತ ಹೆಚ್ಚಿಲ್ಲ. 2024 ಮತ್ತು 2025ರಲ್ಲಿ ಕೇರಳದಲ್ಲಿ ಮಿದುಳು ತಿನ್ನುವ ಅಮೀಬಾದ ಸೋಂಕಿನಿಂದ ಸಾವುಗಳಾದಾಗ ಅಲ್ಲಿನ ಸರ್ಕಾರ ಬಾವಿ, ಕೆರೆಗಳ ಜೊತೆ ಈಜುಕೊಳಗಳಿಗೂ ಕ್ಲೋರಿನ್ ಕಡ್ಡಾಯ ಮಾಡಬೇಕಾಯಿತು. ಘಟ್ಟದ ಈ ಕಡೆಯ ನೀರು ಬೇರೆ ಜಾತಿಯದಲ್ಲ.

ಉಳಿದ ಅಪಾಯಗಳನ್ನು ಬೇಗ ಹೇಳಿ ಮುಗಿಸಬಹುದು, ಏಕೆಂದರೆ ಅವುಗಳ ಪರಿಹಾರ ಎಂಜಿನಿಯರುಗಳಿಗೆ ಆಗಲೇ ಗೊತ್ತಿದೆ. ನೀರೊಳಗಿನ ದೀಪ 12 ವೋಲ್ಟ್ ಮೀರಬಾರದು, ಕೊಳದ ಲೈನಿಗೆ 30 ಮಿಲಿ ಆಂಪಿಯರ್ ಸೋರಿಕೆಗೆ ಕಡಿದುಹೋಗುವ ಇಎಲ್‌ಸಿಬಿ ಎಂಬ ಸುರಕ್ಷಾ ಸ್ವಿಚ್ಚು ಬೇಕು. ತಳದ ನೀರು ಹೀರುವ ಕೊಳವೆ ಒಂದೇ ಇದ್ದರೆ ಅದರ ಸೆಳೆತಕ್ಕೆ ಮಗುವಿನ ಮೈಯೋ ಕೂದಲೋ ಸಿಕ್ಕಿಕೊಳ್ಳಬಹುದು. 2002ರಲ್ಲಿ ಅಮೆರಿಕದಲ್ಲಿ ಏಳು ವರ್ಷದ ವರ್ಜೀನಿಯಾ ಗ್ರೇಮ್ ಬೇಕರ್ ಹೀಗೆ ಸತ್ತ ಮೇಲೆ ಅವಳ ಹೆಸರಿನಲ್ಲೇ 2007ರಲ್ಲಿ ಕಾಯ್ದೆ ಬಂತು, ಉಬ್ಬಿದ ಮುಚ್ಚಳ ಕಡ್ಡಾಯವಾಯಿತು. ಇವೆಲ್ಲದರ ಜೊತೆ ನಮ್ಮ ಗುಡ್ಡಗಳಿಗೆ ಮಾತ್ರ ಸೇರಿದ ಒಂದು ವಿಷಯವಿದೆ. ಹತ್ತು ಮೀಟರ್ ಉದ್ದ, ಐದು ಮೀಟರ್ ಅಗಲ, ಒಂದೂವರೆ ಮೀಟರ್ ಆಳದ ಸಾಧಾರಣ ಕೊಳದಲ್ಲಿ 75,000 ಲೀಟರ್ ನೀರು ಹಿಡಿಯುತ್ತದೆ. ತೂಕ 75 ಟನ್. ಕಣಿವೆ ಕಾಣಲೆಂದು ಇದನ್ನು ಇಳಿಜಾರಿನ ತುದಿಯಲ್ಲೇ ಕಟ್ಟುತ್ತಾರೆ, ಕಾಡು ಕಡಿದು ಮಣ್ಣು ಸಡಿಲಾದ ಜಾಗದಲ್ಲಿ. 2019ರ ಆಗಸ್ಟಿನಲ್ಲಿ ಮೂಡಿಗೆರೆ ತಾಲ್ಲೂಕಿನ ಮಲೆಮನೆ, ಆಲೇಖಾನ್ ಕಡೆ ಗುಡ್ಡಗಳು ತೋಟ ಸಮೇತ ಜಾರಿದ್ದನ್ನು ಕಂಡ ಜಿಲ್ಲೆಯಲ್ಲಿ ಕೊಳ ಕಟ್ಟುವ ಮುನ್ನ ಇಳಿಜಾರಿನ ಮಣ್ಣು ಪರೀಕ್ಷಿಸಿ ಎನ್ನುವುದು ಅತಿಯೆನಿಸದು.

ಇಂಥ ನಿಯಮಗಳ ವಿರುದ್ಧ ಬರುವ ಆಕ್ಷೇಪಗಳಲ್ಲಿ ಗಟ್ಟಿಯಾದದ್ದು ಇದು: ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊ ಲೆಕ್ಕದಲ್ಲಿ 2022ರಲ್ಲಿ ದೇಶದಲ್ಲಿ ಮುಳುಗಿ ಸತ್ತವರು 38 ಸಾವಿರಕ್ಕೂ ಹೆಚ್ಚು. ಅವರಲ್ಲಿ ಬಹುತೇಕರು ನದಿ, ಕೆರೆ, ಬಾವಿ, ಕಾಲುವೆಗಳಲ್ಲಿ ಹೋದ ಬಡವರು. ಉಳ್ಳವರ ಈಜುಕೊಳಕ್ಕೆ ಕಾನೂನು ಮಾಡುವುದರಲ್ಲೇ ಶಕ್ತಿ ಕಳೆಯಬೇಕೆ? ಅದರ ಬೆನ್ನಿಗೇ ತೋಟದ ಮಾಲೀಕರ ಮಾತೂ ಬರುತ್ತದೆ: ಕೊಳ ಇದ್ದರೆ ಅತಿಥಿಗಳು ಸುಳಿಯಿರುವ ಹೊಳೆಗೆ ಇಳಿಯುವುದಿಲ್ಲ, ಕೊಳವೇ ಸುರಕ್ಷತೆ. ಎರಡರಲ್ಲೂ ಸತ್ಯವಿದೆ. ಸಂಖ್ಯೆಯ ಮಾತು ನಿಜ, ಆದರೆ ಭದ್ರಾ ನದಿಯ ಆಳವನ್ನು ಯಾವ ಕಚೇರಿಯೂ ಬದಲಿಸಲಾರದು. ಕೊಳದ ಆಳವನ್ನು ನಿರ್ಧರಿಸುವವನು ಮನುಷ್ಯ, ಅದನ್ನು ಹಣಕ್ಕೆ ಮಾರುವವನೂ ಮನುಷ್ಯ. ಹೊಣೆ ಅಲ್ಲಿಂದ ಹುಟ್ಟುತ್ತದೆ. ಕೊಳದ ಬದಿಯಲ್ಲಿ ಸತ್ತವರು ಉಳ್ಳವರು ಮಾತ್ರವೂ ಅಲ್ಲ. ಹೊಳೆಗಿಂತ ಕೊಳ ಸುರಕ್ಷಿತ ಎನ್ನುವ ಮಾಲೀಕರು ಆ ಮಾತಿನಿಂದಲೇ ತಮ್ಮನ್ನು ಕಟ್ಟಿಕೊಳ್ಳುತ್ತಾರೆ. ಸುರಕ್ಷಿತವೆಂದು ಕರೆದು ತಂದವರು ಸುರಕ್ಷಿತವಾಗಿಡಲೂ ಬೇಕು.

‘ನಿಮ್ಮ ಜವಾಬ್ದಾರಿಯ ಮೇಲೆ ಈಜಿ’ ಎಂದು ಫಲಕ ಹಾಕಿದ್ದೇವೆ, ಕುಡಿದು ಇಳಿದರೆ ನಾವೇನು ಮಾಡೋಣ ಎಂಬುದು ಮತ್ತೊಂದು ಮಾತು. ಫಲಕದಿಂದ ಹೊಣೆ ಕರಗುವುದಿಲ್ಲ ಎಂಬುದು ಕೋವಳಂ ತೀರ್ಪನ್ನು ಓದಿದವರಿಗೆ ತಿಳಿಯುತ್ತದೆ. ಇನ್ನು ಕುಡಿತ. ವಾರಾಂತ್ಯದ ಅತಿಥಿ ಕುಡಿಯುತ್ತಾನೆ ಎಂಬುದು ಮಾಲೀಕನಿಗೆ ಮೊದಲೇ ಗೊತ್ತಿರುವ ಸಂಗತಿ, ಎಷ್ಟೋ ಕಡೆ ಐಸು, ಸೋಡಾ ಪೂರೈಸುವವನೂ ಅವನೇ. ಗೊತ್ತಿದ್ದ ಅಪಾಯಕ್ಕೆ ಕತ್ತಲಾದ ಮೇಲೆ ಕೊಳದ ಬಾಗಿಲಿಗೆ ಬೀಗ ಹಾಕುವುದು ಉತ್ತರ. ಬೇಲಿಯಿದ್ದರೆ ತಾನೆ ಬಾಗಿಲು, ಬಾಗಿಲಿದ್ದರೆ ತಾನೆ ಬೀಗ! ಸಾವಾದರೆ ಭಾರತೀಯ ನ್ಯಾಯ ಸಂಹಿತೆಯ 106ನೇ ಕಲಮು ಇದೆಯಲ್ಲ, ನಿರ್ಲಕ್ಷ್ಯದ ಸಾವಿಗೆ ಐದು ವರ್ಷದವರೆಗೆ ಶಿಕ್ಷೆಯಿದೆಯಲ್ಲ ಎನ್ನುವವರೂ ಇದ್ದಾರೆ. ನಿರ್ಲಕ್ಷ್ಯ ಎಂದು ಸಾಬೀತು ಮಾಡಲು ಪಾಲಿಸಬೇಕಿದ್ದ ನಿಯಮವೊಂದು ಇರಬೇಕಲ್ಲ? ಲಿಖಿತ ಅಳತೆಗೋಲಿಲ್ಲದ ಕಡೆ ಪ್ರತಿ ಮೊಕದ್ದಮೆಯೂ ‘ಎಷ್ಟು ಎಚ್ಚರ ಸಾಕಿತ್ತು’ ಎಂಬ ವಾದದಲ್ಲೇ ಸವೆಯುತ್ತದೆ. ಸ್ಪಷ್ಟ ನಿಯಮ ಪ್ರಾಮಾಣಿಕ ಮಾಲೀಕನಿಗೂ ರಕ್ಷಣೆ.

ನಿಯಮ ಹೆಚ್ಚಿದರೆ ಲಂಚ ಹೆಚ್ಚುತ್ತದೆ, ನಾಲ್ಕು ಕೋಣೆಯ ಹೋಂಸ್ಟೇ ನಡೆಸುವ ಸಣ್ಣ ಬೆಳೆಗಾರ ಸೋಲುತ್ತಾನೆ, ದೊಡ್ಡ ರೆಸಾರ್ಟು ಮಾತ್ರ ಉಳಿಯುತ್ತದೆ ಎಂಬ ಭಯವನ್ನು ನಾನು ಹಗುರಾಗಿ ಕಾಣುವುದಿಲ್ಲ. ದೆಹಲಿಯ ಅನುಭವ ಇದನ್ನೇ ಹೇಳುತ್ತದೆ. ಅಲ್ಲಿ ಬಹುಕಾಲ ಈಜುಕೊಳದ ಪರವಾನಗಿ ಪೊಲೀಸರ ಕೈಯಲ್ಲಿತ್ತು. 2025ರ ಜೂನ್‌ನಲ್ಲಿ ಹೋಟೆಲು, ಸಭಾಂಗಣಗಳ ಜೊತೆ ಈಜುಕೊಳದ ಪರವಾನಗಿಯನ್ನೂ ಪೊಲೀಸರಿಂದ ತೆಗೆಯಲಾಯಿತು. ಠಾಣೆಗೆ ಅಲೆಯುವ ಕಾಟ ತಪ್ಪಿದ್ದು ಸರಿಯೇ. ತಮಿಳುನಾಡು 2015ರಲ್ಲಿ ಈಜುಕೊಳಗಳಿಗೇ ಪ್ರತ್ಯೇಕ ನಿಯಮಾವಳಿ ರೂಪಿಸಿ ಸ್ಥಳೀಯ ಸಂಸ್ಥೆಗಳ ಪರವಾನಗಿಗೆ ಒಳಪಡಿಸಿತು. ಈ ಎರಡರಲ್ಲಿ ನಮಗೆ ಹೊಂದುವುದು ತಮಿಳುನಾಡಿನ ದಾರಿ, ಅದನ್ನೂ ಇಳಿಸಿ ಹಗುರ ಮಾಡಿ. ಸಣ್ಣ ಹೋಂಸ್ಟೇಗೆ ಜೀವರಕ್ಷಕನ ಸಂಬಳ ಹೊರೆಯಾದರೆ ಬೇಡ, ಬದಲಿಗೆ ನಾಲ್ಕು ಅಡಿಯ ಮಿತಿ, ಬೇಲಿ, ಬೀಗ, ತರಬೇತಾದ ಮನೆಯವರೊಬ್ಬರು. ಆರು ಅಡಿಯೇ ಬೇಕೆನ್ನುವವರಿಗೆ ಪೂರ್ಣಾವಧಿಯ ಜೀವರಕ್ಷಕ, ಬೇರೆ ಕೆಲಸ ಹಚ್ಚದೆ. ಲಂಚಕ್ಕೆ ಜಾಗ ಸಿಗುವುದು ಅಧಿಕಾರಿಯ ‘ತೃಪ್ತಿ’ಗೆ ಬಿಟ್ಟ ನಿಯಮದಲ್ಲಿ. ಟೇಪು ಹಿಡಿದರೆ ಗೊತ್ತಾಗುವ ಆಳಕ್ಕೆ, ಕಣ್ಣಿಗೆ ಕಾಣುವ ಬೇಲಿಗೆ ತೃಪ್ತಿಯ ಮಾತೇ ಬರುವುದಿಲ್ಲ. ಅಳತೆಯನ್ನು ಫೋಟೋ ಸಮೇತ ಕೊಳದ ಬಳಿಯೇ ತೂಗುಹಾಕಿದರೆ ತಪಾಸಣೆಯ ಅರ್ಧ ಕೆಲಸವನ್ನು ಅತಿಥಿಗಳೇ ಮಾಡುತ್ತಾರೆ.

ಒಬ್ಬ ಅಧಿಕಾರಿಯ ಹೆಸರು ಆ ಅಳತೆ ಹಾಳೆಯ ಕೆಳಗೆ ಇರಬೇಕು ಎಂಬುದೇ ಎಲ್ಲಕ್ಕಿಂತ ಮುಖ್ಯ. ಅದು ಗ್ರಾಮ ಪಂಚಾಯಿತಿಯ ಅಭಿವೃದ್ಧಿ ಅಧಿಕಾರಿ (ಪಿಡಿಒ) ಆಗಲಿ ಎಂಬುದು ನನ್ನ ಅಭಿಪ್ರಾಯ. ಅವರು ಹತ್ತಿರದಲ್ಲಿದ್ದಾರೆ, ಕಟ್ಟಡದ ಅನುಮತಿ ಅವರ ಕಡೆಯಿಂದಲೇ ಹೋಗುತ್ತದೆ, ಯಾವ ತೋಟದಲ್ಲಿ ಹೊಸದಾಗಿ ಜೆಸಿಬಿ ಇಳಿದಿದೆ ಎಂಬುದು ಊರಿನಲ್ಲಿ ಮೊದಲು ತಿಳಿಯುವುದೂ ಅವರಿಗೇ. ರಾಜ್ಯದ ನಿಯಮಾವಳಿ ಬರುವವರೆಗೆ ಕಾಯಬೇಕಿಲ್ಲ. ಪೊಲೀಸ್ ಕಾಯ್ದೆಯ ಅಧಿಕಾರದಡಿ ಜಿಲ್ಲಾಧಿಕಾರಿ ಒಂದು ಆದೇಶ ಹೊರಡಿಸಬಹುದು, ಹೋಂಸ್ಟೇ ನೋಂದಣಿ ನವೀಕರಣಕ್ಕೆ ಕೊಳದ ಅಳತೆ ಪತ್ರ ಲಗತ್ತಿಸಿ ಎಂದು ಪ್ರವಾಸೋದ್ಯಮ ಇಲಾಖೆ ಕೇಳಬಹುದು. ಮಳೆ ತಗ್ಗಿ ದಸರಾ ರಜೆಯ ಜನ ಘಟ್ಟ ಹತ್ತಿ ಬರುವ ಮೊದಲು ಒಂದು ತಿಂಗಳು ಬಿಡುವಿರುತ್ತದೆ, ಕೊಳಗಳೂ ಖಾಲಿಯಿರುತ್ತವೆ. ಜಿಲ್ಲಾ ಪಂಚಾಯಿತಿ ಈ ಸಲ ಆ ತಿಂಗಳಲ್ಲಿ ತನ್ನ ಪಿಡಿಒಗಳ ಕೈಗೆ ಒಂದೊಂದು ಟೇಪು ಕೊಟ್ಟು ಕಳಿಸಲಿ. ಮತ್ತು ನೀವು, ಮುಂದಿನ ವಾರಾಂತ್ಯಕ್ಕೆ ಫೋನು ಮಾಡುವಾಗ, ಪೂಲ್ ಇದೆಯಾ ಎಂದು ಕೇಳಿದ ಮೇಲೆ ಎಷ್ಟು ಅಡಿ ಎಂದೂ ಕೇಳಿ.